ಸೆನ್ಸರ್ ಬದಲಿಸುವ ಮೊದಲು ಪಿನ್ನಿನಲ್ಲಿ ಅಳೆಯಿರಿ: ಅನಲಾಗ್ ರೀಡಿಂಗ್ ತಪ್ಪಿದಾಗ ದೋಷ ಹುಡುಕುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಮೈಕ್ರೋಕಂಟ್ರೋಲರ್ ಈಗ ಕಾಲೇಜಿನ ಪ್ರಾಜೆಕ್ಟ್‌ಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಚನ್ನಗಿರಿ, ಸಂತೇಬೆನ್ನೂರಿನ ಅಡಿಕೆ ತೋಟಗಳ ಪಂಪ್‌ಹೌಸಿನಲ್ಲಿ, ಹೊಳಲ್ಕೆರೆಯ ಕೊಳವೆಬಾವಿಯ ಪಕ್ಕದ ತಗಡಿನ ಪೆಟ್ಟಿಗೆಯಲ್ಲಿ, ಹಿರಿಯೂರಿನ ಹನಿ ನೀರಾವರಿ ವಾಲ್ವಿನ ಬಳಿಯಲ್ಲಿ ಅದು ಕೆಲಸ ಮಾಡುತ್ತಿದೆ. ತೊಟ್ಟಿಯಲ್ಲಿ ನೀರೆಷ್ಟಿದೆ, ಮಣ್ಣಿನಲ್ಲಿ ತೇವವೆಷ್ಟಿದೆ, ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಉಳಿದಿದೆ ಎಂಬುದನ್ನು ನೋಡಿ ಮೋಟಾರನ್ನು ನಡೆಸುವುದು ಅದರ ಕೆಲಸ. ತ್ರೀಫೇಸ್ ವಿದ್ಯುತ್ ದಿನಕ್ಕೆ ಕೆಲವೇ ಗಂಟೆ ಸಿಗುವ ತೋಟದಲ್ಲಿ ಒಂದು ರೀಡಿಂಗ್ ತಪ್ಪಾದರೆ ಆ ದಿನದ ನೀರೇ ಹೋಯಿತು. ಹೀಗಾಗಿ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ರೀಡಿಂಗ್ ತಪ್ಪು ಬಂದ ಕೂಡಲೇ ಬಹಳ ಜನ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಹೊಸ ಸೆನ್ಸರ್ ತರಿಸುತ್ತಾರೆ, ಇಲ್ಲವೇ ಕೋಡಿನಲ್ಲಿ ಒಂದು ಸಂಖ್ಯೆಯನ್ನು ಕೂಡಿಸಿಯೋ ಕಳೆದೋ ಪರದೆಯ ಮೇಲೆ ಸರಿಯಾದ ಅಂಕಿ ಬರುವಂತೆ ಮಾಡುತ್ತಾರೆ. ಎರಡನೆಯದು ನನಗೆ ಹೆಚ್ಚು ಕೆಟ್ಟದ್ದಾಗಿ ಕಾಣುತ್ತದೆ. ಆ ಸಂಖ್ಯೆ ಅಂದಿನ ಒಂದು ಸ್ಥಿತಿಗೆ ಮಾತ್ರ ಹೊಂದುತ್ತದೆ; ದೋಷ ಅಲ್ಲೇ ಉಳಿದು, ಹುಡುಕುವುದು ಮೊದಲಿಗಿಂತ ಕಷ್ಟವಾಗುತ್ತದೆ. ನನ್ನ ಅನುಭವದಲ್ಲಿ ಸೆನ್ಸರ್ ನಿಜವಾಗಿ ಕೆಟ್ಟಿರುವುದು ಕಡಿಮೆ. ತಪ್ಪು ಇರುವುದು ಹೆಚ್ಚಾಗಿ ರೆಫರೆನ್ಸಿನಲ್ಲಿ (ಅಳತೆಗೆ ಹೋಲಿಕೆಯಾಗಿ ಇಟ್ಟುಕೊಂಡ ವೋಲ್ಟೇಜ್), ಗ್ರೌಂಡಿನಲ್ಲಿ (ಎಲ್ಲಕ್ಕೂ ಸೊನ್ನೆ ವೋಲ್ಟ್ ಎನಿಸುವ ತಂತಿ) ಅಥವಾ ನಡುವಿನ ರೆಸಿಸ್ಟರುಗಳಲ್ಲಿ. ಅದು ಯಾವುದರಲ್ಲಿ ಎಂಬುದನ್ನು ಆ ತಪ್ಪೇ ತೋರಿಸಿಕೊಡುತ್ತದೆ, ನೋಡುವ ಕ್ರಮ ಗೊತ್ತಿದ್ದರೆ.

ಪರದೆಯ ಸಂಖ್ಯೆಯ ಅರ್ಥ

ಆರ್ಡ್ಯುನೋ ಊನೋದಲ್ಲಿರುವ ಎಟಿಮೆಗಾ328ಪಿ ಚಿಪ್ಪಿನ ಎಡಿಸಿ, ಅಂದರೆ ವೋಲ್ಟೇಜನ್ನು ಸಂಖ್ಯೆಯಾಗಿ ಬದಲಿಸುವ ಭಾಗ, 10 ಬಿಟ್‌ನದು. 0ಯಿಂದ 1023ರವರೆಗೆ ಒಂದು ಸಂಖ್ಯೆಯನ್ನು ಅದು ಕೊಡುತ್ತದೆ. ಅದು ವೋಲ್ಟೇಜ್ ಎಂದು ತಿಳಿಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಆ ಸಂಖ್ಯೆ ಎರಡು ವೋಲ್ಟೇಜುಗಳ ಅನುಪಾತ: ಪಿನ್ನಿನಲ್ಲಿರುವ ವೋಲ್ಟೇಜ್, ರೆಫರೆನ್ಸ್ ವೋಲ್ಟೇಜಿನ 1024 ಭಾಗಗಳಲ್ಲಿ ಎಷ್ಟು ಭಾಗ ಎಂಬುದು. ರೆಫರೆನ್ಸ್ ನಿಖರವಾಗಿ 5 ವೋಲ್ಟ್ ಇದ್ದರೆ ಒಂದು ಭಾಗ 4.88 ಮಿಲಿವೋಲ್ಟ್. ಮಂಡಕ್ಕಿ ಅಳೆಯುವ ಸೇರೇ ದಿನಕ್ಕೊಂದು ಗಾತ್ರವಾದರೆ ಎಷ್ಟು ಸೇರು ಎಂದು ಎಣಿಸಿ ಏನು ಪ್ರಯೋಜನ? ರೆಫರೆನ್ಸ್ ಅಲುಗಾಡಿದಾಗ ಆಗುವುದೂ ಅಷ್ಟೇ.

ಊನೋದಲ್ಲಿ ಬೇರೇನೂ ಹೇಳದಿದ್ದರೆ ರೆಫರೆನ್ಸ್ ಎಂದರೆ ಬೋರ್ಡಿನ 5 ವೋಲ್ಟ್ ಪೂರೈಕೆಯೇ. ಆ 5 ವೋಲ್ಟ್ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕು. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಬಂದರೆ, ತೆಳ್ಳಗಿನ ಉದ್ದ ಕೇಬಲ್ಲಿನ ಕೊನೆಯಲ್ಲಿ ಅದು 4.6 ವೋಲ್ಟ್ ಇರಬಹುದು. ಜೊತೆಗೆ ಎರಡು ರಿಲೇಗಳು ಸೇರಿದರೆ ಇನ್ನೂ ಇಳಿಯುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಎಲ್‌ಎಂ35 ತಾಪಮಾನ ಸೆನ್ಸರ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್ ಕೊಡುತ್ತದೆ. ಕೋಣೆಯಲ್ಲಿ 31 ಡಿಗ್ರಿ ಇದ್ದರೆ 310 ಮಿಲಿವೋಲ್ಟ್. ಬೋರ್ಡಿನ ಪೂರೈಕೆ 4.62 ವೋಲ್ಟ್ ಇದ್ದಾಗ ಎಡಿಸಿ ಕೊಡುವ ಸಂಖ್ಯೆ 68. ಕೋಡು ರೆಫರೆನ್ಸನ್ನು 5 ವೋಲ್ಟ್ ಎಂದೇ ನಂಬಿದ್ದರೆ ಪರದೆಯ ಮೇಲೆ 33.2 ಡಿಗ್ರಿ. ಸೆನ್ಸರಿನಲ್ಲಿ ದೋಷವಿಲ್ಲ, ಕೋಡಿನ ಗಣಿತದಲ್ಲೂ ಇಲ್ಲ. ಆದರೂ ಎರಡು ಡಿಗ್ರಿಗೂ ಮಿಕ್ಕಿ ತಪ್ಪು. ಇದೇ ಬೋರ್ಡನ್ನು ಅಡಾಪ್ಟರಿಗೆ ಹಾಕಿದ ದಿನ ರೀಡಿಂಗ್ ತಾನಾಗಿ ಸರಿಹೋಗುತ್ತದೆ. ವಿದ್ಯಾರ್ಥಿ ಇನ್ನಷ್ಟು ಗೊಂದಲಕ್ಕೆ ಬೀಳುತ್ತಾನೆ.

ಮೊದಲು ಮಾಡಬೇಕಾದ ಮೂರು ಅಳತೆಗಳು

ಒಂದು ಡಿಜಿಟಲ್ ಮಲ್ಟಿಮೀಟರ್, ಎರಡು ಜಂಪರ್ ವೈರ್, ಒಂದು ಪೆನ್ಸಿಲ್ ಸೆಲ್. ಆರಂಭಕ್ಕೆ ಇಷ್ಟು ಸಾಕು.

ಸೆನ್ಸರನ್ನು ಇದ್ದಂತೆಯೇ ಬಿಟ್ಟು ಮೀಟರಿನ ಕೆಂಪು ಕಡ್ಡಿಯನ್ನು ಮೈಕ್ರೋಕಂಟ್ರೋಲರಿನ ಅನಲಾಗ್ ಪಿನ್ನಿಗೇ ಮುಟ್ಟಿಸಿ. ಕಪ್ಪು ಕಡ್ಡಿ ಬೋರ್ಡಿನ ಗ್ರೌಂಡ್ ಪಿನ್ನಿಗೆ. ಸೆನ್ಸರಿನ ತುದಿಯಲ್ಲಿ ಅಳೆಯಬೇಡಿ. ಸೆನ್ಸರಿನಿಂದ ಪಿನ್ನಿನವರೆಗಿನ ದಾರಿಯಲ್ಲೇ ದೋಷವಿದ್ದರೆ ಅಲ್ಲಿ ಅಳೆದಾಗ ಅದು ಕಾಣುವುದಿಲ್ಲ. ಅದೇ ಹೊತ್ತಿಗೆ ಕೋಡಿನಿಂದ ಲೆಕ್ಕಾಚಾರವಿಲ್ಲದ ಹಸಿ ಸಂಖ್ಯೆಯನ್ನು ಸೀರಿಯಲ್ ಮಾನಿಟರಿನಲ್ಲಿ ಮುದ್ರಿಸಿ. ಡಿಗ್ರಿಯಾಗಲಿ ಅಡಿಯಾಗಲಿ ಶೇಕಡಾವಾಗಲಿ ಬೇಡ.

ಎರಡನೆಯದಾಗಿ, 5 ವೋಲ್ಟ್ ಪಿನ್ನಿನಲ್ಲಿ ನಿಜಕ್ಕೂ ಎಷ್ಟಿದೆ ಎಂದು ಅಳೆದು ಬರೆದುಕೊಳ್ಳಿ. ಹಸಿ ಸಂಖ್ಯೆಯನ್ನು ಈ ವೋಲ್ಟೇಜಿನಿಂದ ಗುಣಿಸಿ 1024ರಿಂದ ಭಾಗಿಸಿ. ಬಂದ ಉತ್ತರ ಮೀಟರ್ ತೋರಿಸಿದ ಪಿನ್ನಿನ ವೋಲ್ಟೇಜಿಗೆ ಒಂದೆರಡು ಭಾಗಗಳ ಅಂತರದಲ್ಲಿ ಹೊಂದಿದರೆ ಎಡಿಸಿಯನ್ನು ಸಂಶಯಿಸುವುದನ್ನು ಬಿಡಿ. ಪಿನ್ನಿಗೆ ಬಂದದ್ದನ್ನು ಅದು ಸರಿಯಾಗಿಯೇ ಓದುತ್ತಿದೆ. ತಪ್ಪು ಪಿನ್ನಿನ ಹೊರಗಿದೆ ಅಥವಾ ಕೋಡಿನ ಲೆಕ್ಕದಲ್ಲಿದೆ.

ಹೊಂದದಿದ್ದರೆ ಮೂರನೆಯ ಅಳತೆ. ಸೆನ್ಸರನ್ನು ಬಿಚ್ಚಿ ಪಿನ್ನನ್ನು ನೇರವಾಗಿ ಗ್ರೌಂಡಿಗೆ ಜೋಡಿಸಿ: 0 ಅಥವಾ 1 ಬರಬೇಕು. ಆಮೇಲೆ ಪೆನ್ಸಿಲ್ ಸೆಲ್ಲಿನ ಋಣ ತುದಿಯನ್ನು ಗ್ರೌಂಡಿಗೂ ಧನ ತುದಿಯನ್ನು ಪಿನ್ನಿಗೂ ಕೊಡಿ. ಹೊಸ ಸೆಲ್ ಸುಮಾರು 1.58 ವೋಲ್ಟ್ ತೋರಿಸುತ್ತದೆ. ಪೂರೈಕೆ ನಿಖರ 5 ವೋಲ್ಟ್ ಇದ್ದರೆ ಸಂಖ್ಯೆ 323ರ ಆಸುಪಾಸಿನಲ್ಲಿರುತ್ತದೆ. ಈ ಸೆಲ್ ಪರೀಕ್ಷೆ ನನಗೆ ಬಹಳ ಇಷ್ಟ. ಸೆಲ್ಲಿನ ವೋಲ್ಟೇಜ್ ಬೋರ್ಡಿನ ಪೂರೈಕೆಯನ್ನು ಅವಲಂಬಿಸಿಲ್ಲ, ಅದರ ಒಳ ಪ್ರತಿರೋಧ ತೀರಾ ಕಡಿಮೆ, ಮುಖ್ಯ ವಿದ್ಯುತ್ತಿನ ಗದ್ದಲವೂ ಅದರಲ್ಲಿಲ್ಲ. ಸೆಲ್ಲನ್ನು ಸರಿಯಾಗಿ ಓದುವ ಬೋರ್ಡು ಸೆನ್ಸರನ್ನು ತಪ್ಪಾಗಿ ಓದುತ್ತಿದ್ದರೆ ದೋಷ ಸೆನ್ಸರಿನ ಕಡೆಯ ಸರ್ಕಿಟ್ಟಿನಲ್ಲಿದೆ ಎಂದು ಖಚಿತವಾಗಿ ಹೇಳಬಹುದು.

ಪಿನ್ನಿಗೆ ಏನನ್ನೂ ಜೋಡಿಸದೆ ಬಿಟ್ಟಾಗ ಬರುವ ಸಂಖ್ಯೆಗೆ ಯಾವ ಅರ್ಥವೂ ಇಲ್ಲ. ಕೈ ಹತ್ತಿರ ತಂದರೂ ಅದು ಬದಲಾಗುತ್ತದೆ. ತಂತಿ ತುಂಡಾದ ಸೆನ್ಸರ್ ಕೆಲವೊಮ್ಮೆ ನಂಬುವಂಥ ರೀಡಿಂಗನ್ನೇ ಕೊಡುವುದು ಇದರಿಂದಲೇ.

ತಪ್ಪಿನ ಸ್ವಭಾವ ಗುರುತಿಸುವುದು

ಒಂದೇ ಸ್ಥಿತಿಯಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ. ಕಡಿಮೆ, ನಡು, ಹೆಚ್ಚು, ಹೀಗೆ ಕನಿಷ್ಠ ಮೂರು ಮಟ್ಟಗಳಲ್ಲಿ ಮೀಟರಿನ ಅಂಕಿಯನ್ನೂ ಬೋರ್ಡಿನ ಅಂಕಿಯನ್ನೂ ಪಕ್ಕಪಕ್ಕ ಬರೆಯಿರಿ. ಎಲ್ಲ ಮಟ್ಟದಲ್ಲೂ ಒಂದೇ ಪ್ರಮಾಣದ ವ್ಯತ್ಯಾಸವಿದ್ದರೆ ಗ್ರೌಂಡಿನ ಕಡೆ ನೋಡಿ. ವೋಲ್ಟೇಜ್ ಏರಿದಷ್ಟೂ ವ್ಯತ್ಯಾಸವೂ ಅದೇ ಶೇಕಡಾವಾರು ಏರುತ್ತಿದ್ದರೆ ರೆಫರೆನ್ಸ್ ಅಥವಾ ವೋಲ್ಟೇಜ್ ಡಿವೈಡರ್ (ವೋಲ್ಟೇಜನ್ನು ಪಾಲು ಮಾಡಿ ಇಳಿಸುವ ರೆಸಿಸ್ಟರ್ ಜೋಡಿ) ರೆಸಿಸ್ಟರುಗಳ ಬೆಲೆ ತಪ್ಪಿದೆ. ನಡುವೆ ಸರಿಯಿದ್ದು ತುದಿಗಳಲ್ಲಿ ಮಾತ್ರ ತಪ್ಪಿದರೆ ಎಡಿಸಿಯ ಮಿತಿ ಅಥವಾ ಸೆನ್ಸರಿನ ಪೂರೈಕೆ ಸಾಲದಿರುವುದು ಕಾರಣ. ಪಕ್ಕದ ಪಿನ್ನಿನ ಸೆನ್ಸರಿನ ರೀಡಿಂಗ್ ಬದಲಾದಾಗ ಇದೂ ಬದಲಾದರೆ ಸಿಗ್ನಲ್ ಮೂಲದ ಪ್ರತಿರೋಧ ಹೆಚ್ಚಾಗಿದೆ. ಮುಂಜಾನೆ ತಪ್ಪು, ಬಿಸಿಲೇರಿದ ಮೇಲೆ ಸರಿ ಎಂದಾದರೆ ತೇವ. ಮೋಟಾರ್ ಅಥವಾ ವಾಲ್ವ್ ಚಾಲೂ ಆದಾಗ ಮಾತ್ರ ತಪ್ಪಿದರೆ, ಮುಂದೆ ಹೇಳಲಿರುವ ಗ್ರೌಂಡಿನ ವಿಷಯವನ್ನು ನಿಧಾನವಾಗಿ ಓದಿ.

ರೆಫರೆನ್ಸ್ ಸರಿಪಡಿಸುವುದು

ಎಲ್ಲ ಸೆನ್ಸರುಗಳಿಗೂ ನಿಖರವಾದ ರೆಫರೆನ್ಸ್ ಬೇಕಿಲ್ಲ. ಪೊಟೆನ್ಷಿಯೋಮೀಟರನ್ನು ಬೋರ್ಡಿನ 5 ವೋಲ್ಟಿನಿಂದಲೇ ನಡೆಸಿ ಅದೇ 5 ವೋಲ್ಟನ್ನು ರೆಫರೆನ್ಸ್ ಮಾಡಿಕೊಂಡರೆ, ಪೂರೈಕೆ 4.6ಕ್ಕೆ ಇಳಿದರೂ ಅರ್ಧಕ್ಕೆ ತಿರುಗಿಸಿದ ಗುಂಡಿ 512ನ್ನೇ ಕೊಡುತ್ತದೆ. ಎರಡೂ ಒಟ್ಟಿಗೆ ಇಳಿಯುವುದರಿಂದ ಅನುಪಾತ ಉಳಿಯುತ್ತದೆ. ಥರ್ಮಿಸ್ಟರ್ ಡಿವೈಡರಿಗೂ, 5 ವೋಲ್ಟ್ ಪಡೆದು 0.5ರಿಂದ 4.5 ವೋಲ್ಟ್ ಕೊಡುವ ಒತ್ತಡದ ಸೆನ್ಸರುಗಳ ಪೈಕಿ ಪೂರೈಕೆಗೆ ಅನುಪಾತದಲ್ಲಿ ಕೆಲಸ ಮಾಡುವವಕ್ಕೂ ಇದು ಅನ್ವಯ. ಇಂಥ ಕಡೆ ನಿಖರ ರೆಫರೆನ್ಸ್ ಚಿಪ್ ತಂದು ಹಾಕಿದರೆ ಇದ್ದ ಅನುಕೂಲವೇ ಹೋಗುತ್ತದೆ.

ಎಲ್‌ಎಂ35 ಹಾಗಲ್ಲ. ಅದರ ಮಿಲಿವೋಲ್ಟ್ ಪೂರೈಕೆಯನ್ನು ಅವಲಂಬಿಸಿಲ್ಲ. ಆದ್ದರಿಂದ ಅಳತೆಯೂ ಸ್ಥಿರ ರೆಫರೆನ್ಸಿನಿಂದಲೇ ಆಗಬೇಕು. ಊನೋದ ಚಿಪ್ಪಿನೊಳಗೆ 1.1 ವೋಲ್ಟಿನ ರೆಫರೆನ್ಸ್ ಇದೆ. ಅದನ್ನು ಆರಿಸಿಕೊಂಡರೆ ಒಂದು ಭಾಗ ಸುಮಾರು 1.07 ಮಿಲಿವೋಲ್ಟ್ ಆಗಿ, ಅರ್ಧ ಡಿಗ್ರಿಯಿದ್ದ ಹೆಜ್ಜೆ ಡಿಗ್ರಿಯ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಈ 1.1 ಎಂಬುದು ಹೆಸರಿಗೆ ಮಾತ್ರ; ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಇರಬಹುದು ಎಂದು ತಯಾರಕರ ದತ್ತಾಂಶ ಪತ್ರವೇ ಹೇಳುತ್ತದೆ. ಒಳ ರೆಫರೆನ್ಸ್ ಆರಿಸಿ, ಒಮ್ಮೆ ಅನಲಾಗ್ ರೀಡ್ ಮಾಡಿ, ಎಆರ್‌ಇಎಫ್ (ರೆಫರೆನ್ಸ್ ವೋಲ್ಟೇಜಿನ) ಪಿನ್ನಿನಲ್ಲಿ ಮೀಟರ್ ಹಿಡಿದರೆ ನಿಮ್ಮ ಚಿಪ್ಪಿನ ನಿಜವಾದ ಬೆಲೆ ಸಿಗುತ್ತದೆ. ಅದನ್ನೇ ಕೋಡಿನಲ್ಲಿ ಬರೆಯಿರಿ. ರೆಫರೆನ್ಸ್ ಬದಲಿಸಿದ ಮೇಲಿನ ಮೊದಲ ಕೆಲವು ರೀಡಿಂಗುಗಳನ್ನು ಎಸೆಯಬೇಕು.

ಒಂದು ಎಚ್ಚರಿಕೆ. ಎಆರ್‌ಇಎಫ್ ಪಿನ್ನಿಗೆ ಹೊರಗಿನ ವೋಲ್ಟೇಜ್ ಕೊಡುವುದಾದರೆ, ಮೊದಲ ಅನಲಾಗ್ ರೀಡ್‌ಗೂ ಮುನ್ನ ಕೋಡಿನಲ್ಲಿ ರೆಫರೆನ್ಸನ್ನು ಎಕ್ಸ್‌ಟರ್ನಲ್ ಎಂದು ಘೋಷಿಸಲೇಬೇಕು. ಮರೆತರೆ ಹೊರಗಿನ ವೋಲ್ಟೇಜೂ ಒಳಗಿನ ಪೂರೈಕೆಯೂ ಒಂದಕ್ಕೊಂದು ಶಾರ್ಟ್ ಆಗಿ ಚಿಪ್ ಹಾಳಾಗಬಹುದು.

ಗ್ರೌಂಡ್: ಎಲ್ಲರೂ ಮರೆಯುವ ತಂತಿ

ಸಂತೇಬೆನ್ನೂರು ಕಡೆಯ ಒಂದು ಅಡಿಕೆ ತೋಟದ ಸಮಸ್ಯೆಯನ್ನು ವಿವರವಾಗಿಯೇ ಹೇಳಬೇಕು. ಇಂಥದ್ದು ಹನಿ ನೀರಾವರಿ ಇರುವ ಎಷ್ಟೋ ಕಡೆ ಇದೆ. ತೊಟ್ಟಿಯ ಬುಡದಲ್ಲಿ 0.5ರಿಂದ 4.5 ವೋಲ್ಟ್ ಕೊಡುವ ಒತ್ತಡದ ಸೆನ್ಸರ್, ಪೂರ್ಣ ಅಳತೆ ಹತ್ತು ಅಡಿ ನೀರು. ಅದರ ಪಕ್ಕದಲ್ಲೇ ಹನಿ ನೀರಾವರಿ ಸಾಲಿಗೆ 12 ವೋಲ್ಟಿನ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆಯುವ) ವಾಲ್ವ್. ಎರಡಕ್ಕೂ ಸೇರಿ ನಾಲ್ಕು ಎಳೆಯ ಒಂದೇ ಕೇಬಲ್, ಸುಮಾರು 20 ಮೀಟರ್ ದೂರದ ಪಂಪ್‌ಹೌಸಿನವರೆಗೆ: 5 ವೋಲ್ಟ್, 12 ವೋಲ್ಟ್, ಸಿಗ್ನಲ್, ಗ್ರೌಂಡ್. ತೋಟದ ಯಜಮಾನರು ಹೇಳಿದ್ದು ಇಷ್ಟು: "ತೊಟ್ಟಿ ತುಂಬಿರುವಾಗ ಸರಿಯಾಗಿಯೇ ತೋರಿಸುತ್ತದೆ ಸರ್. ಖಾಲಿಯಾಗುತ್ತಾ ಬಂದಂತೆ ಸುಳ್ಳು ಹೇಳುತ್ತದೆ. ವಾಲ್ವ್ ನಿಲ್ಲಿಸಿ ನೋಡಿದರೆ ಮತ್ತೆ ಸರಿ."

ಈ ಮೂರು ಮಾತಿನಲ್ಲೇ ದೋಷದ ಪೂರ್ತಿ ಗುರುತಿತ್ತು. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿ 20 ಮೀಟರಿಗೆ ಸುಮಾರು 0.75 ಓಮ್ ಪ್ರತಿರೋಧ ಹೊಂದಿರುತ್ತದೆ. ವಾಲ್ವ್ ತೆರೆದಾಗ ಅದರ 300 ಮಿಲಿಆಂಪಿಯರ್ ಕರೆಂಟ್ ಅದೇ ಗ್ರೌಂಡ್ ತಂತಿಯಲ್ಲಿ ಮರಳುತ್ತದೆ. ಆಗ ತೊಟ್ಟಿಯ ಬಳಿಯ ಗ್ರೌಂಡ್ ಪೆಟ್ಟಿಗೆಯೊಳಗಿನ ಗ್ರೌಂಡಿಗಿಂತ 0.22 ವೋಲ್ಟ್ ಮೇಲಕ್ಕೇರುತ್ತದೆ. ಸೆನ್ಸರ್ ತನ್ನ ಬಳಿಯ ಗ್ರೌಂಡನ್ನೇ ಸೊನ್ನೆ ಎಂದುಕೊಂಡು ವೋಲ್ಟೇಜ್ ಕೊಡುತ್ತದೆ; ಎಡಿಸಿ ಪೆಟ್ಟಿಗೆಯ ಗ್ರೌಂಡನ್ನು ಸೊನ್ನೆ ಎಂದುಕೊಂಡು ಓದುತ್ತದೆ.

ತೊಟ್ಟಿ ತುಂಬಿದಾಗ ಯಾಕೆ ತಪ್ಪು ಕಾಣುವುದಿಲ್ಲ? ಗ್ರೌಂಡ್ ಏರಿದಾಗ ಸೆನ್ಸರಿಗೆ ಸಿಗುವ ಪೂರೈಕೆ 5ರ ಬದಲು 4.78 ವೋಲ್ಟ್ ಆಗುತ್ತದೆ, ಅದರ ಔಟ್‌ಪುಟ್ ಅದೇ ಅನುಪಾತದಲ್ಲಿ ಕುಗ್ಗುತ್ತದೆ. ಖಾಲಿ ತೊಟ್ಟಿಯಲ್ಲಿ 0.5 ವೋಲ್ಟ್ ಬರಬೇಕಾದ ಕಡೆ 0.48 ಬಂದು, ಅದಕ್ಕೆ 0.22 ಸೇರಿ 0.70 ಆಗುತ್ತದೆ. ತುಂಬಿದ ತೊಟ್ಟಿಯಲ್ಲಿ 4.5 ಇದ್ದದ್ದು 4.30ಕ್ಕೆ ಕುಗ್ಗಿ, 0.22 ಸೇರಿ 4.52. ಮೇಲ್ತುದಿಯಲ್ಲಿ ಕುಗ್ಗಿದ್ದೂ ಏರಿದ್ದೂ ಬಹುತೇಕ ಸಮವಾಗುತ್ತವೆ, ಕೆಳತುದಿಯಲ್ಲಿ 0.2 ವೋಲ್ಟ್, ಅಂದರೆ ಅರ್ಧ ಅಡಿ ನೀರು, ಸುಳ್ಳಾಗಿ ಉಳಿಯುತ್ತದೆ. ನೀರು ಮುಗಿದಿದ್ದರೂ ಅರ್ಧ ಅಡಿ ಇದೆ ಎಂದು ನಂಬಿ ನಿಯಂತ್ರಕ ವಾಲ್ವನ್ನು ತೆರೆದೇ ಇಡುತ್ತದೆ. ತೋಟಕ್ಕೆ ಆಗಬಾರದ ಕಡೆಯೇ ತಪ್ಪು ಆಗುತ್ತದೆ. ಕೋಡಿನಲ್ಲಿ 0.2 ಕಳೆದಿದ್ದರೆ ಖಾಲಿ ತೊಟ್ಟಿ ಸರಿಯಾಗಿ, ತುಂಬಿದ ತೊಟ್ಟಿ ಕೆಡುತ್ತಿತ್ತು. ವಾಲ್ವ್ ಮುಚ್ಚಿದಾಗ ಎರಡೂ ಕೆಡುತ್ತಿದ್ದವು.

ಪರೀಕ್ಷೆ ಸುಲಭ. ಮೀಟರನ್ನು ಡಿಸಿ ಮಿಲಿವೋಲ್ಟಿಗೆ ಇಟ್ಟು, ಉದ್ದನೆಯ ಪ್ರತ್ಯೇಕ ತಂತಿಯ ನೆರವಿನಿಂದ, ಸೆನ್ಸರ್ ಬಳಿಯ ಗ್ರೌಂಡಿಗೂ ಬೋರ್ಡಿನ ಗ್ರೌಂಡಿಗೂ ನಡುವಿನ ವೋಲ್ಟೇಜ್ ಅಳೆಯಿರಿ. ಎಲ್ಲವೂ ಆಫ್ ಇದ್ದಾಗ ಒಮ್ಮೆ, ವಾಲ್ವು, ರಿಲೇ, ಮೋಟಾರು ಚಾಲೂ ಇದ್ದಾಗ ಒಂದೊಂದು ಸಲ. ಕೆಲವು ಮಿಲಿವೋಲ್ಟಿಗಿಂತ ಹೆಚ್ಚು ಬಂದರೆ ಅಷ್ಟೂ ನಿಮ್ಮ ರೀಡಿಂಗಿನಲ್ಲಿ ಸೇರುತ್ತಿದೆ.

ಪರಿಹಾರ ವಾಲ್ವಿಗೆ ಬೇರೆಯದೇ ಮರಳು ತಂತಿ. ಎರಡು ಗ್ರೌಂಡುಗಳೂ ಪೆಟ್ಟಿಗೆಯೊಳಗೆ ಒಂದೇ ಬಿಂದುವಿನಲ್ಲಿ, ಪೂರೈಕೆಯ ಋಣ ತುದಿಯ ಬಳಿ ಸೇರಬೇಕು. ಬ್ರೆಡ್‌ಬೋರ್ಡಿನಲ್ಲೂ ಇದೇ ನಿಯಮ: ಎಲ್‌ಸಿಡಿಯ ಹಿಂಬೆಳಕು, ಸರ್ವೋ ಮೋಟಾರ್ ಮತ್ತು ಸೆನ್ಸರ್ ಒಂದೇ ಸಡಿಲ ಜಂಪರಿನ ಮೂಲಕ ಗ್ರೌಂಡಿಗೆ ಹೋಗುತ್ತಿದ್ದರೆ ರೀಡಿಂಗ್ ಕುಣಿಯುವುದರಲ್ಲಿ ಆಶ್ಚರ್ಯವಿಲ್ಲ.

ದೂರ ಹೆಚ್ಚಿದ್ದರೆ 4–20 ಮಿಲಿಆಂಪಿಯರ್

ಐವತ್ತು, ನೂರು ಮೀಟರ್ ದೂರದ ತೊಟ್ಟಿಗೆ ವೋಲ್ಟೇಜ್ ಸೆನ್ಸರ್ ಬೇಡವೇ ಬೇಡ ಎನ್ನುತ್ತೇನೆ. 4–20 ಮಿಲಿಆಂಪಿಯರ್ ಟ್ರಾನ್ಸ್‌ಮಿಟರಿನಲ್ಲಿ ಅಳತೆ ಕರೆಂಟಿನ ರೂಪದಲ್ಲಿ ಬರುವುದರಿಂದ ತಂತಿಯ ಪ್ರತಿರೋಧ ಅದನ್ನು ಬದಲಿಸುವುದಿಲ್ಲ. ಪೆಟ್ಟಿಗೆಯಲ್ಲಿ 250 ಓಮ್ ರೆಸಿಸ್ಟರ್ ಹಾಕಿದರೆ 1ರಿಂದ 5 ವೋಲ್ಟ್ ಸಿಗುತ್ತದೆ. ಇಎಸ್‌ಪಿ32ಕ್ಕೆ (ಮುಂದೆ ಹೇಳಲಿರುವ ವೈಫೈ ಬೋರ್ಡು) 120 ಓಮ್ ಸರಿ, 0.48ರಿಂದ 2.4 ವೋಲ್ಟ್. ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರನ್ನೇ ಬಳಸಿ. ಇನ್ನೊಂದು ಲಾಭವೂ ಇದೆ: ತಂತಿ ತುಂಡಾದರೆ ಕರೆಂಟ್ ಸೊನ್ನೆಯಾಗುತ್ತದೆ. ಖಾಲಿ ತೊಟ್ಟಿಗೂ 4 ಮಿಲಿಆಂಪಿಯರ್ ಇರಲೇಬೇಕಾದ್ದರಿಂದ, ತುಂಡಾದ ತಂತಿಯನ್ನು ಕೋಡು ಗುರುತಿಸಬಲ್ಲದು.

ಇಲ್ಲಿಯೂ ಒಂದು ದೋಷ ಮತ್ತೆ ಮತ್ತೆ ಎದುರಾಗುತ್ತದೆ. ಕಾಲು ತೊಟ್ಟಿಯವರೆಗೆ ರೀಡಿಂಗ್ ಸರಿಯಿದ್ದು ಆಮೇಲೆ ಏರುವುದೇ ಇಲ್ಲ. ಟ್ರಾನ್ಸ್‌ಮಿಟರ್ ಕೆಲಸ ಮಾಡಲು ತನ್ನ ಎರಡು ತುದಿಗಳ ನಡುವೆ ಕನಿಷ್ಠ ಇಷ್ಟು ವೋಲ್ಟ್ ಬೇಕು ಎಂದು ಅದರ ಮೇಲೇ ಬರೆದಿರುತ್ತದೆ. ಕನಿಷ್ಠ 10 ವೋಲ್ಟ್ ಬೇಡುವ ಟ್ರಾನ್ಸ್‌ಮಿಟರಿಗೆ 12 ವೋಲ್ಟ್ ಅಡಾಪ್ಟರ್ ಕೊಟ್ಟು 250 ಓಮ್ ಹಾಕಿದರೆ, ಕರೆಂಟ್ 8 ಮಿಲಿಆಂಪಿಯರ್ ಮುಟ್ಟಿದಾಗಲೇ ರೆಸಿಸ್ಟರ್ 2 ವೋಲ್ಟ್ ತೆಗೆದುಕೊಂಡಿರುತ್ತದೆ. ಉಳಿದದ್ದು ಬರೀ 10. ಅಲ್ಲಿಂದ ಮೇಲೆ ಅದಕ್ಕೆ ಉಸಿರು ಸಾಲದು. 24 ವೋಲ್ಟ್ ಪೂರೈಕೆ ಕೊಟ್ಟರೆ ದೋಷ ಮಾಯ.

ದೊಡ್ಡ ಬೆಲೆಯ ರೆಸಿಸ್ಟರುಗಳು

ಸೋಲಾರ್ ಬೇಲಿಯ ಅಥವಾ ಸೋಲಾರ್ ನಿಯಂತ್ರಕದ 12 ವೋಲ್ಟ್ ಬ್ಯಾಟರಿಯನ್ನು ಅಳೆಯಲು ಡಿವೈಡರ್ ಹಾಕುವಾಗ, ಬ್ಯಾಟರಿ ಖರ್ಚಾಗಬಾರದು ಎಂದು 1 ಮೆಗಾಓಮ್ ಮತ್ತು 470 ಕಿಲೋಓಮ್ ಹಾಕುವವರಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಎಟಿಮೆಗಾದ ಎಡಿಸಿಗೆ ಸಿಗ್ನಲ್ ಮೂಲದ ಪ್ರತಿರೋಧ 10 ಕಿಲೋಓಮ್ ಅಥವಾ ಅದಕ್ಕಿಂತ ಕಡಿಮೆ ಇರಬೇಕೆಂದು ತಯಾರಕರು ಹೇಳಿದ್ದಾರೆ. ಇಲ್ಲಿ ಅದು ಸುಮಾರು 320 ಕಿಲೋಓಮ್.

ಎಡಿಸಿಯೊಳಗೆ 14 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಇದೆ. ಪ್ರತಿ ರೀಡಿಂಗಿನಲ್ಲೂ ಅದು ಪಿನ್ನಿನ ವೋಲ್ಟೇಜಿಗೆ ತುಂಬಿಕೊಳ್ಳಬೇಕು. ಊನೋದ ಸಾಮಾನ್ಯ ವೇಗದಲ್ಲಿ ಅದಕ್ಕೆ ಸಿಗುವ ಸಮಯ 12 ಮೈಕ್ರೋಸೆಕೆಂಡ್. 320 ಕಿಲೋಓಮ್ ಮೂಲಕ ಆ ಹೊತ್ತಿನಲ್ಲಿ ಅದು ಪೂರ್ತಿ ತುಂಬುವುದಿಲ್ಲ. ಹಿಂದೆ ಓದಿದ ಚಾನೆಲ್ಲಿನ ವೋಲ್ಟೇಜಿನ ಅಂಶ ಉಳಿದಿರುತ್ತದೆ. ಅನಲಾಗ್ ಪಿನ್ ಎ0 ಬದಲಾದಾಗ ಪಕ್ಕದ ಎ1 ಕೂಡ ಬದಲಾಗುವ ವಿಚಿತ್ರಕ್ಕೆ ಇದು ಕಾರಣ. ಪಿನ್ನಿಗೂ ಗ್ರೌಂಡಿಗೂ ನಡುವೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿದರೆ ಒಳಗಿನ ಕೆಪಾಸಿಟರಿಗೆ ಬೇಕಾದ ಚಾರ್ಜು ಅಲ್ಲಿಂದ ತಕ್ಷಣ ಸಿಗುತ್ತದೆ. ಬ್ಯಾಟರಿಯಂಥ ನಿಧಾನವಾದ ಅಳತೆಗೆ ಇಷ್ಟೇ ಸಾಕು. ಬೇಗ ಬದಲಾಗುವ ಸಿಗ್ನಲ್ಲಾದರೆ ರೆಸಿಸ್ಟರುಗಳನ್ನೇ ಚಿಕ್ಕದು ಮಾಡಬೇಕು ಅಥವಾ ಆಪ್‌ಆಂಪ್ ಬಫರ್ ಹಾಕಬೇಕು.

ಇಲ್ಲಿ ಮೀಟರನ್ನೂ ಕುರುಡಾಗಿ ನಂಬಬಾರದು. ಸಾಮಾನ್ಯ ಡಿಜಿಟಲ್ ಮೀಟರಿನ ಪ್ರತಿರೋಧ 10 ಮೆಗಾಓಮ್. 320 ಕಿಲೋಓಮ್ ಮೂಲಕ್ಕೆ ಅದನ್ನು ಜೋಡಿಸಿದಾಗ ಅದು ತಾನೇ ಶೇಕಡಾ 3ರಷ್ಟು ವೋಲ್ಟೇಜನ್ನು ಇಳಿಸುತ್ತದೆ. 12.6 ವೋಲ್ಟ್ ಬ್ಯಾಟರಿಗೆ ಪಿನ್ನಿನಲ್ಲಿ ಇರಬೇಕಾದದ್ದು 4.03 ವೋಲ್ಟ್, ಮೀಟರ್ ತೋರಿಸುವುದು 3.90. ಮೀಟರ್ ಕಡ್ಡಿ ಮುಟ್ಟಿಸಿದಾಗ ಬೋರ್ಡಿನ ಸಂಖ್ಯೆಯೂ ಇಳಿಯುತ್ತಿದೆಯೇ ನೋಡಿ. ಇಳಿದರೆ ಮೂಲದ ಪ್ರತಿರೋಧ ಹೆಚ್ಚಿದೆ ಎಂಬುದಕ್ಕೆ ಅದೇ ಸಾಕ್ಷಿ.

ತೇವದ ತೊಂದರೆಯೂ ಇಲ್ಲೇ ಸೇರುತ್ತದೆ. ಅಡಿಕೆ ತೋಟದ ನೆರಳಿನಲ್ಲಿಟ್ಟ ಪೆಟ್ಟಿಗೆಯೊಳಗೆ ಮುಂಜಾನೆ ಇಬ್ಬನಿಯ ತೆಳು ಪದರ ಕಟ್ಟಿಕೊಳ್ಳುತ್ತದೆ. ಧೂಳಿನೊಂದಿಗೆ ಬೆರೆತ ಆ ಪದರದ ಪ್ರತಿರೋಧ ಕೆಲವು ಮೆಗಾಓಮ್ ಇದ್ದರೂ ಸಾಕು, 1 ಮೆಗಾಓಮ್ ಡಿವೈಡರ್ ಕೆಡುತ್ತದೆ. 10 ಕಿಲೋಓಮ್ ಡಿವೈಡರಿಗೆ ಅದು ತಾಗುವುದೇ ಇಲ್ಲ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು, ಒಣಗಿಸಿ, ರಕ್ಷಣಾ ವಾರ್ನಿಷ್ ಬಳಿಯುವುದು ಒಳ್ಳೆಯದು.

ಇಎಸ್‌ಪಿ32 ಮತ್ತು ಇಎಸ್‌ಪಿ8266

ವೈಫೈ ಇರುವುದರಿಂದ ಈಗ ಬಹುತೇಕ ಎಲ್ಲರ ಕೈ ಇಎಸ್‌ಪಿ32ರ ಕಡೆಗೆ ಹೋಗುತ್ತದೆ. ಅದರ ಎಡಿಸಿ 12 ಬಿಟ್‌ನದು, 0ಯಿಂದ 4095. ಬಿಟ್ ಹೆಚ್ಚಿದ ಮಾತ್ರಕ್ಕೆ ಊನೋಗಿಂತ ನಿಖರ ಎಂದು ಭಾವಿಸಬೇಡಿ, ವಸ್ತುಸ್ಥಿತಿ ಹಾಗಿಲ್ಲ. ತೀರಾ ಕಡಿಮೆ ವೋಲ್ಟೇಜಿಗೆ ಅದು 0 ಎಂದೇ ಕೊಡುತ್ತದೆ, ಮೇಲ್ತುದಿಯಲ್ಲಿ 3.3 ತಲುಪುವ ಮೊದಲೇ 4095ಕ್ಕೆ ಅಂಟಿಕೊಳ್ಳುತ್ತದೆ. ಸಾಮಾನ್ಯವಾಗಿ ಬಳಕೆಯಾಗುವ 11 ಡೆಸಿಬೆಲ್ ಅಟೆನ್ಯುಯೇಷನ್‌ನಲ್ಲಿ (ಓದುವ ಮೊದಲು ಸಿಗ್ನಲ್ಲನ್ನು ತಗ್ಗಿಸುವ ಮಟ್ಟ) ತಯಾರಕರು ಸೂಚಿಸುವ ವ್ಯಾಪ್ತಿ 150ರಿಂದ 2450 ಮಿಲಿವೋಲ್ಟ್. 0 ಡೆಸಿಬೆಲ್‌ನಲ್ಲಿ 100ರಿಂದ 950. ನಿಮ್ಮ ಸಿಗ್ನಲ್ಲನ್ನು ಈ ವ್ಯಾಪ್ತಿಯೊಳಗೆ ತಂದುಕೊಳ್ಳುವುದೇ ಮೊದಲ ಪರಿಹಾರ. ಸಂಖ್ಯೆಯನ್ನು 3.3ರಿಂದ ಗುಣಿಸಿ 4095ರಿಂದ ಭಾಗಿಸುವ ಕೋಡನ್ನು ಬಿಟ್ಟುಬಿಡಿ. ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ದಾಖಲಿಸಿದ ಮಾಪನಾಂಕವನ್ನು (ಕ್ಯಾಲಿಬ್ರೇಷನ್) ಬಳಸಿ ಮಿಲಿವೋಲ್ಟಿನಲ್ಲೇ ಉತ್ತರ ಕೊಡುವ ಅನಲಾಗ್‌ರೀಡ್‌ಮಿಲಿವೋಲ್ಟ್ಸ್ ಬಳಸಿ.

ವೈಫೈ ಆರಂಭವಾದ ಕೂಡಲೇ ರೀಡಿಂಗ್ ಕೆಟ್ಟರೆ ಪಿನ್ನಿನ ಸಂಖ್ಯೆ ನೋಡಿ. 0, 2, 4, 12ರಿಂದ 15, 25ರಿಂದ 27 ಇವು ಎರಡನೆಯ ಎಡಿಸಿಗೆ ಸೇರಿದವು. ಆ ಎಡಿಸಿಯನ್ನು ವೈಫೈ ಕೂಡ ಬಳಸುತ್ತದೆ. ಸೆನ್ಸರನ್ನು 32ರಿಂದ 39ರೊಳಗಿನ ಪಿನ್ನಿಗೆ ಸಾಗಿಸಿ, ಬೇರೆ ಉಪಾಯವನ್ನು ಹುಡುಕುತ್ತಾ ಕೂರಬೇಡಿ.

ಎಲ್‌ಎಂ35ಕ್ಕೆ ಕನಿಷ್ಠ 4 ವೋಲ್ಟ್ ಪೂರೈಕೆ ಬೇಕು. ಇಎಸ್‌ಪಿ32ರ 3.3 ವೋಲ್ಟ್ ಪಿನ್ನಿನಿಂದ ನಡೆಸಿದರೆ ಅದು ಏನಾದರೊಂದು ಸಂಖ್ಯೆ ಕೊಡುತ್ತದೆ, ಆದರೆ ಆ ಸಂಖ್ಯೆಗೆ ಯಾರೂ ಹೊಣೆಯಲ್ಲ. 5 ವೋಲ್ಟ್ ಪಿನ್ನಿನಿಂದ ಪೂರೈಕೆ ಕೊಡಿ. ನೋಡ್‌ಎಂಸಿಯುವಿನ ಇಎಸ್‌ಪಿ8266 ಚಿಪ್ಪಿನ ಎ0 ಕೇವಲ 1 ವೋಲ್ಟಿನವರೆಗೆ ಓದುತ್ತದೆ. ಬೋರ್ಡಿನಲ್ಲೇ 220 ಮತ್ತು 100 ಕಿಲೋಓಮ್ ಡಿವೈಡರ್ ಇದೆ. ನೀವು ಹೊರಗೆ ಇನ್ನೊಂದು ಡಿವೈಡರ್ ಹಾಕಿದರೆ ಈ 320 ಕಿಲೋಓಮ್ ಅದಕ್ಕೆ ಸಮಾಂತರವಾಗಿ ಸೇರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಕುಣಿಯುವ ಸಂಖ್ಯೆ

ಒಂದೆರಡು ಭಾಗ ಮೇಲೆ ಕೆಳಗೆ ಆಗುವುದು ಸಹಜ, ಅದನ್ನು ದೋಷ ಎನ್ನಬೇಡಿ. ಹತ್ತಾರು ಭಾಗ ಕುಣಿದರೆ ಮೊದಲು ಕೇಬಲ್ ನೋಡಿ. ಸಬ್‌ಮರ್ಸಿಬಲ್ ಮೋಟಾರಿನ ಕೇಬಲ್ಲಿಗೆ ಸಿಗ್ನಲ್ ತಂತಿಯನ್ನು ಟೇಪು ಸುತ್ತಿ ಕಟ್ಟಿದ್ದರೆ ಬಿಚ್ಚಿ ದೂರ ಎಳೆಯಿರಿ. ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ಪೆಟ್ಟಿಗೆಯ ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ. ಡಿಸಿ ರಿಲೇ ಮತ್ತು ವಾಲ್ವಿನ ಕಾಯಿಲ್‌ಗೆ 1ಎನ್4007 ಡಯೋಡ್ ಇರಲಿ.

ಕೋಡಿನಲ್ಲಿ ಸರಾಸರಿ ತೆಗೆಯುವುದಾದರೆ ಲೆಕ್ಕವಿಟ್ಟು ತೆಗೆಯಿರಿ. ನಮ್ಮ ಮುಖ್ಯ ವಿದ್ಯುತ್ತು 50 ಹರ್ಟ್ಜ್, ಅದರ ಒಂದು ಸುತ್ತು 20 ಮಿಲಿಸೆಕೆಂಡ್. 20, 40 ಅಥವಾ 100 ಮಿಲಿಸೆಕೆಂಡಿನ ಉದ್ದಕ್ಕೂ ಸಮ ಅಂತರದಲ್ಲಿ ರೀಡಿಂಗ್ ತೆಗೆದು ಸರಾಸರಿ ಮಾಡಿದರೆ ಮುಖ್ಯ ವಿದ್ಯುತ್ತಿನ ಗುಂಯ್ ಬಹುಪಾಲು ತಾನಾಗಿ ರದ್ದಾಗುತ್ತದೆ. ರಿಲೇ ಬಿದ್ದಾಗ ಬರುವ ಒಂಟಿ ಜಿಗಿತಕ್ಕೆ ಸರಾಸರಿಗಿಂತ ಮಧ್ಯದ ಬೆಲೆ, ಅಂದರೆ ಮೀಡಿಯನ್, ಒಳ್ಳೆಯದು. ಗ್ರೌಂಡ್ ಏರಿದ್ದನ್ನಾಗಲಿ ರೆಫರೆನ್ಸ್ ಇಳಿದದ್ದನ್ನಾಗಲಿ ಯಾವ ಸರಾಸರಿಯೂ ಸರಿಪಡಿಸಲಾರದು. ತಪ್ಪು ಸಂಖ್ಯೆ ಅಲುಗಾಡದೆ ನಿಲ್ಲುತ್ತದೆ, ಅಷ್ಟೇ.

ಕೋಡಿನ ಎರಡು ಬಲೆಗಳು

ಊನೋದಲ್ಲಿ ಇಂಟ್ (ಕೋಡಿನಲ್ಲಿ ಪೂರ್ಣಾಂಕ ಇಡುವ ಜಾಗ) ಎಂದರೆ 16 ಬಿಟ್, ಗರಿಷ್ಠ 32767. ಹಸಿ ಸಂಖ್ಯೆಯನ್ನು 5000ದಿಂದ ಗುಣಿಸಿದರೆ ಸಂಖ್ಯೆ 7 ಮುಟ್ಟಿದೊಡನೆ ಅದು ಮೀರುತ್ತದೆ. ಋಣ ಸಂಖ್ಯೆಗಳು ಬರುತ್ತವೆ. ಬದಲಿಗೆ ದೊಡ್ಡ ಪೂರ್ಣಾಂಕ ಹಿಡಿಸುವ ಲಾಂಗ್ ಬಳಸಿ. ಅದೇ ಕೋಡು 32 ಬಿಟ್ಟಿನ ಇಎಸ್‌ಪಿ32ರಲ್ಲಿ ಸರಿಯಾಗಿ ನಡೆಯುವುದರಿಂದ, ಅಲ್ಲಿಂದ ಊನೋಗೆ ಬದಲಿಸಿದವರು ಹೊಸ ಬೋರ್ಡೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಇನ್ನೊಂದು, 5ನ್ನು 1024ರಿಂದ ಮೊದಲು ಭಾಗಿಸಿದರೆ ಪೂರ್ಣಾಂಕ ಗಣಿತದಲ್ಲಿ ಉತ್ತರ ಸೊನ್ನೆ. 1023ರಿಂದ ಭಾಗಿಸಬೇಕೋ 1024ರಿಂದಲೋ ಎಂಬ ವಾದಕ್ಕೆ ಸಮಯ ಕೊಡಬೇಡಿ. ವ್ಯತ್ಯಾಸ ಶೇಕಡಾ 0.1.

ಪಿನ್ನೇ ಕೆಟ್ಟಿದ್ದರೆ

3.3 ವೋಲ್ಟಿನ ಪಿನ್ನಿಗೆ 5 ವೋಲ್ಟ್ ತಗುಲಿದ್ದರೆ, ಅಥವಾ ಮುಂಗಾರು ಪೂರ್ವದ ಗುಡುಗು ಮಳೆಯಲ್ಲಿ ಉದ್ದ ತಂತಿಯ ಮೂಲಕ ಏಟು ಬಿದ್ದಿದ್ದರೆ, ಪಿನ್ ಅರ್ಧ ಜೀವ ಉಳಿಸಿಕೊಂಡು ಕರೆಂಟ್ ಸೋರಿಸುತ್ತಿರಬಹುದು. ಪೆನ್ಸಿಲ್ ಸೆಲ್ಲನ್ನು 10 ಕಿಲೋಓಮ್ ರೆಸಿಸ್ಟರ್ ಮೂಲಕ ಪಿನ್ನಿಗೆ ಜೋಡಿಸಿ, ರೆಸಿಸ್ಟರಿನ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆಯಿರಿ. ಆರೋಗ್ಯವಾಗಿರುವ ಎಟಿಮೆಗಾ ಪಿನ್ನಿನ ಸೋರಿಕೆ ಗರಿಷ್ಠ 1 ಮೈಕ್ರೋಆಂಪಿಯರ್, ಅಂದರೆ ಇಲ್ಲಿ 10 ಮಿಲಿವೋಲ್ಟಿಗಿಂತ ಹೆಚ್ಚು ಬರಬಾರದು. ಹೆಚ್ಚು ಬಂದರೆ ಮೊದಲು ಕೋಡಿನಲ್ಲಿ ಆ ಪಿನ್ನಿನ ಪುಲ್‌ಅಪ್ ಚಾಲೂ ಉಳಿದಿದೆಯೇ ನೋಡಿ. 20ರಿಂದ 50 ಕಿಲೋಓಮ್‌ನ ಆ ಒಳ ರೆಸಿಸ್ಟರ್ ಯಾವ ಸೆನ್ಸರನ್ನಾದರೂ ಮೇಲಕ್ಕೆಳೆಯುತ್ತದೆ. ಪುಲ್‌ಅಪ್ ಇಲ್ಲದೆಯೂ ಸೋರಿಕೆ ಇದ್ದರೆ ಆ ಪಿನ್ನನ್ನು ಬಿಟ್ಟು ಬೇರೆ ಪಿನ್ನಿಗೆ ಹೋಗಿ, ತೋಟದಲ್ಲಿ ನಂಬಿ ಬಿಡುವ ಪೆಟ್ಟಿಗೆಯಾದರೆ ಬೋರ್ಡನ್ನೇ ಬದಲಿಸಿ.

ಇಷ್ಟೆಲ್ಲ ಆದ ಮೇಲೆಯೇ ಮಾಪನಾಂಕ ಹೊಂದಿಸುವ ಮಾತು. ಎರಡು ಬಿಂದು ಸಾಕು: ತೊಟ್ಟಿಯನ್ನು ಖಾಲಿ ಮಾಡಿ ಒಂದು, ಅಳತೆ ಕೋಲಿನಿಂದ ಎತ್ತರ ನೋಡಿ ಮುಕ್ಕಾಲು ತುಂಬಿಸಿ ಇನ್ನೊಂದು. ಎರಡರಲ್ಲೂ ವಾಲ್ವು ಮತ್ತು ಮೋಟಾರನ್ನು ಚಾಲೂ ಮಾಡಿಯೂ ಆಫ್ ಮಾಡಿಯೂ ಓದಿ. ಎರಡು ಓದುಗಳ ನಡುವೆ ಒಂದೆರಡು ಭಾಗಕ್ಕಿಂತ ಹೆಚ್ಚು ಅಂತರ ಉಳಿದಿದ್ದರೆ ಮಾಪನಾಂಕ ಹೊಂದಿಸುವುದನ್ನು ನಿಲ್ಲಿಸಿ ಗ್ರೌಂಡಿಗೆ ಮರಳಿ. ಅಂತರವಿಲ್ಲದಿದ್ದರೆ ಹಸಿ ಸಂಖ್ಯೆಗಳನ್ನೂ, ಅಂದಿನ ಪೂರೈಕೆ ವೋಲ್ಟೇಜನ್ನೂ, ತಾರೀಖನ್ನೂ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಬರೆದು ಅಂಟಿಸಿ. ಮುಂದಿನ ಸಲ ಪೆಟ್ಟಿಗೆ ತೆರೆಯುವವರು ಹೋಲಿಸಿ ನೋಡುವುದು ಆ ಸಂಖ್ಯೆಗಳನ್ನೇ.